ಮಡುವಿನಲ್ಲಿ ಸಿಕ್ಕಿಕೊಂಡ ಪ್ರಶ್ನೆ: ಭೀಮಾ–ಕೃಷ್ಣೆಯ ಬಲೆ, ಆಮೆ, ಮೊಸಳೆ

ಬೇಸಿಗೆ ಬಂತೆಂದರೆ ಭೀಮಾ ಹೊಳೆಯಾಗಿ ಉಳಿಯುವುದಿಲ್ಲ, ಮಡುಗಳ ಸಾಲಾಗುತ್ತದೆ. ಅಫಜಲಪುರದಿಂದ ಯಾದಗಿರಿಯವರೆಗೆ ನೀರು ಎಲ್ಲಿ ನಿಂತಿದೆಯೋ ಅಲ್ಲೇ ಮೀನು, ಅಲ್ಲೇ ಆಮೆ, ಅಲ್ಲೇ ಮೊಸಳೆ. ಬಲೆ ಬೀಳುವುದೂ ಅಲ್ಲೇ. ಹರಿಗೋಲಿನವನು ಬೆಳಗ್ಗೆ ಬಲೆ ಎತ್ತಿದಾಗ ಅದರಲ್ಲಿ ಸತ್ತ ಆಮೆಯೊಂದು ಇದ್ದರೆ, ಅಷ್ಟು ಹೊತ್ತು ಮೀನುಗಾರಿಕೆ ಇಲಾಖೆಯ ಪರವಾನಗಿದಾರನಾಗಿದ್ದವನು ಅರಣ್ಯ ಇಲಾಖೆಯ ಕಣ್ಣಿಗೆ ಆರೋಪಿಯಾಗುತ್ತಾನೆ. ಆಮೆಯನ್ನು ತಿರುಗಿ ನೀರಿಗೆ ಬಿಟ್ಟು ಸುಮ್ಮನಾಗುವವರೇ ಹೆಚ್ಚು. ಹೀಗಾಗಿ ಎಷ್ಟು ಆಮೆ ಸತ್ತವು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ಗಂಟು ಬಿದ್ದದ್ದು ನಿನ್ನೆ ಮೊನ್ನೆಯಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನಗಳು ಸಿಕ್ಕಿವೆ. ಅವುಗಳಲ್ಲಿ ಈ ಮಾತಿಲ್ಲ. ಆದರೆ ಅದೇ ಅರಸ ಉತ್ತರದಲ್ಲಿ ಹಾಕಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೇ ಇದೆ, ಆಮೆಯೂ ಅದರಲ್ಲಿದೆ. ಕೆಲವು ತಿಥಿಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂದೂ ಇದೆ. ಬಲೆಗೆ ರಜೆ ಕೊಡುವ ಯೋಚನೆ ಅಷ್ಟು ಹಳೆಯದು.

ಅಲ್ಲಿಂದ ಮುಂದಿನ ಎರಡು ಸಾವಿರ ವರ್ಷಗಳನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಹೊಳೆ ಅಂಬಿಗರ, ಕಬ್ಬಲಿಗರ, ಕೋಲಿಗಳ ಕೈಯಲ್ಲಿತ್ತು, ದಾಟಿಸುವವರೂ ಅವರೇ, ಹಿಡಿಯುವವರೂ ಅವರೇ, ನಿಜಾಮರ ಆಡಳಿತ ಬಂತು, ಹೋಯಿತು, 1956ರಲ್ಲಿ ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು.

ಮರುವರ್ಷವೇ, 1957ರಲ್ಲಿ, ದೂರದ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಗೆಂಡೆ ಜಾತಿಯ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮರಿ ಮಾಡಿಸಿದರು. ಅದಕ್ಕೂ ನಮ್ಮ ಹೊಳೆಗೂ ಏನು ಸಂಬಂಧ ಎಂದು ಆಗ ಯಾರೂ ಕೇಳಿರಲಿಕ್ಕಿಲ್ಲ. ಸಂಬಂಧ ದೊಡ್ಡದೇ ಇತ್ತು. ಗಂಗೆಯ ಕಟ್ಲಾ, ರೋಹು, ಮೃಗಾಲದ ಮರಿಗಳು ಊರೂರಿಗೆ ಸಿಗುವಂತಾದವು. ನಮ್ಮ ಕೆರೆ, ಜಲಾಶಯಗಳಲ್ಲೂ ಅವೇ ತುಂಬಿದವು. ಮೀನುಗಾರಿಕೆ ಎಂದರೆ ಮರಿ ಬಿಡುವುದು, ತೂಕ ಎಣಿಸುವುದು ಎಂಬ ತಿಳಿವಳಿಕೆ ಇಲಾಖೆಗಳಲ್ಲಿ ಗಟ್ಟಿಯಾದದ್ದು ಆಗಲೇ. ಹೊಳೆಯಲ್ಲಿ ತಾನಾಗಿ ಹುಟ್ಟುವ ಬಾಳೆಮೀನು ಯಾರ ಗುರಿಪಟ್ಟಿಯಲ್ಲೂ ಇರಲಿಲ್ಲ. ಇಂದು ಅದೇ ಬಾಳೆಮೀನು ಅಳಿವಿನ ಅಂಚಿಗೆ ಸರಿಯುತ್ತಿರುವ ಜಾತಿಗಳ ಜಾಗತಿಕ ಪಟ್ಟಿಯಲ್ಲಿದೆ.

ಇಡೀ ಕಥೆ ತಿರುಗಿದ್ದು ಅಣೆಕಟ್ಟಿನಿಂದ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿತ್ತು, 1982ರಲ್ಲಿ ನಾರಾಯಣಪುರದ ಬಸವಸಾಗರ ನಿಂತಿತು. ಹರಿಯುವ ನೀರಿನ ಗುಣ ಬಲ್ಲವರಿಗೆ ಏಕಾಏಕಿ ನಿಂತ ನೀರು ಎದುರಾಯಿತು. ಸುಳಿ ಎಲ್ಲಿ, ಬಂಡೆ ಎಲ್ಲಿ, ಯಾವ ನಕ್ಷತ್ರದ ಮಳೆಗೆ ಯಾವ ಮೀನು ಏರುತ್ತದೆ ಎಂಬ ತಿಳಿವಳಿಕೆ ಒಂದೇ ತಲೆಮಾರಿನಲ್ಲಿ ಬೆಲೆ ಕಳೆದುಕೊಂಡಿತು. ಮುಳುಗಿದ ಗಿಡಗಂಟಿಗೆ ಸಿಕ್ಕಿ ಬಲೆ ಹರಿಯುತ್ತಿತ್ತು. ಗಾಳಿ ಎದ್ದರೆ ಹರಿಗೋಲು ನಿಲ್ಲುತ್ತಿರಲಿಲ್ಲ.

ಹೊಸ ಜಲಾಶಯಕ್ಕೆ ಒಂದು ಸ್ವಭಾವವಿದೆ. ಮುಳುಗಿದ ಹೊಲದ ಗೊಬ್ಬರ, ಕೊಳೆತ ಹುಲ್ಲು ನೀರಿಗೆ ಸತ್ವ ಬಿಡುವ ಮೊದಲ ಕೆಲವು ವರ್ಷ ಮೀನು ಸುಗ್ಗಿಯೋ ಸುಗ್ಗಿ. ಆಮೇಲೆ ಇಳಿತ. ಎಲ್ಲ ಜಲಾಶಯಗಳ ಕಥೆಯೂ ಇದೇ. ಆದರೆ ಸುಗ್ಗಿಯ ಕಾಲದಲ್ಲಿ ಮಾಡಿಕೊಂಡ ಏರ್ಪಾಡು ಇಳಿತದ ಕಾಲಕ್ಕೂ ಮುಂದುವರಿದರೆ ಪೆಟ್ಟು ತಿನ್ನುವುದು ಹೊಳೆ. ಕಾಗದದ ಮೇಲೆ ಮೀನು ಹಿಡಿಯುವ ಗುತ್ತಿಗೆ ಮೀನುಗಾರರ ಸಹಕಾರ ಸಂಘದ್ದು. ಸಂಘದ ಬಳಿ ಠೇವಣಿ ಕಟ್ಟಲು ದುಡ್ಡಿಲ್ಲ, ಮಂಜುಗಡ್ಡೆಗೆ ದುಡ್ಡಿಲ್ಲ, ನೈಲಾನ್ ಬಲೆಗೆ ದುಡ್ಡಿಲ್ಲ. ಮುಂಗಡ ಕೊಡುವವರು ದಡಕ್ಕೆ ಬಂದು ನಿಂತರು. ಹಿಡಿದ ಮೀನೆಲ್ಲ ಅವರಿಗೇ, ಅವರು ಹೇಳಿದ ದರಕ್ಕೇ. ಸಾಲ ತೀರಬೇಕಾದರೆ ತೂಕ ಹೆಚ್ಚಬೇಕು, ತೂಕ ಹೆಚ್ಚಬೇಕಾದರೆ ಬಲೆಯ ಕಣ್ಣು ಸಣ್ಣದಾಗಬೇಕು. ತುಂಗಭದ್ರಾ ಜಲಾಶಯದಲ್ಲಿ ಇದೇ ಹಾದಿ ಹಿಡಿದು ಬೆರಳುದ್ದದ ಮೀನನ್ನೂ ಗೋರುವ ಅಲಿವಿ ಬಲೆಯವರೆಗೆ ಹೋಯಿತು. ಸಹಕಾರ ಎಂಬ ಮಾತಿಗೆ ಅರ್ಥ ಬರಬೇಕಿದ್ದರೆ ಮೊದಲ ಬಂಡವಾಳ ಸಂಘದ್ದೇ ಆಗಬೇಕಿತ್ತು.

ಇತ್ತ ಕಾಡುಪ್ರಾಣಿಗಳ ದಾರಿ ಬೇರೆಯೇ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಸಳೆಯನ್ನು ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಗೆ ಸೇರಿಸಿತು, 1975ರಲ್ಲಿ ದೇಶದ ಮೊಸಳೆ ಯೋಜನೆ ಶುರುವಾಯಿತು. ಬೀದರ್ ಜಿಲ್ಲೆ ದಾಟಿ ತೆಲಂಗಾಣಕ್ಕೆ ಹರಿಯುವ ಮಾಂಜ್ರಾ ನದಿಯಲ್ಲಿ, ಸಂಗಾರೆಡ್ಡಿಯ ಹತ್ತಿರ, 1978ರಲ್ಲಿ ಅಭಯಾರಣ್ಯವೇ ಆಯಿತು. ಕೃಷ್ಣೆಯಲ್ಲಿ ಮೊಸಳೆ ಉಳಿದುಕೊಂಡಿತು. ಅದು ಉಳಿದದ್ದು ಸಂತೋಷದ ಸಂಗತಿ. ಮೊಸಳೆಯಿಂದ ಹರಿದ ಬಲೆಯ ಖರ್ಚು ಮಾತ್ರ ಪೂರ್ತಿ ಹರಿಗೋಲಿನವನ ತಲೆಗೇ ಬಂತು.

ಆಮೆಯ ಸಂಗತಿ ಇನ್ನೂ ನೋವಿನದು. ಲೀತ್ ಹೆಸರಿನ ಮೆದುಚಿಪ್ಪಿನ ಆಮೆ ನಮ್ಮ ದಖ್ಖನದ್ದೇ ಪ್ರಾಣಿ. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು 1872ರಲ್ಲಿ, ಪುಣೆಯಿಂದ ಬಂದ ಮಾದರಿ ನೋಡಿ; ಪುಣೆಯ ನೀರು ಸೇರುವುದು ಭೀಮೆಯನ್ನೇ. ಇಂದು ಅದು ತೀವ್ರ ಅಪಾಯದಲ್ಲಿರುವ ಜಾತಿ. 2022ರಲ್ಲಿ ಪನಾಮಾದಲ್ಲಿ ಸೇರಿದ, ವನ್ಯಜೀವಿ ವ್ಯಾಪಾರ ಕುರಿತ ಜಾಗತಿಕ ಸಭೆ ಅದನ್ನು ದೇಶ ದೇಶಗಳ ನಡುವಿನ ವಾಣಿಜ್ಯ ವ್ಯಾಪಾರ ತಡೆಯುವ ಪಟ್ಟಿಗೆ ಏರಿಸಿತು. ಈ ಆಮೆ ಉಸಿರಿಗಾಗಿ ಮೇಲೆ ಬರಲೇಬೇಕು. ಸಂಜೆ ಬಿಟ್ಟ ಬಲೆಯನ್ನು ಬೆಳಗ್ಗೆ ಎತ್ತುವ ರೂಢಿಯಲ್ಲಿ ಅದು ಮುಳುಗಿ ಸಾಯುತ್ತದೆ. ಮೊಟ್ಟೆ ಇಡುವುದು ದಂಡೆಯ ಮಣ್ಣು, ಮರಳಿನಲ್ಲಿ. ಆ ಮರಳು ಟಿಪ್ಪರ್‌ಗಳಲ್ಲಿ ಊರು ಬಿಟ್ಟು ಹೋಗುತ್ತಿರುವುದನ್ನು ಭೀಮಾ ದಂಡೆಯ ಮಕ್ಕಳೂ ನೋಡಿದ್ದಾರೆ. ಮೇಲೆ ಉಜನಿ ಜಲಾಶಯ, ಕೆಳಗೆ ಸೊನ್ನ, ಸನ್ನತಿಯ ಬ್ಯಾರೇಜುಗಳು. ಗೇಟು ಮುಚ್ಚಿದಾಗ ಮಡು ಒಣಗುತ್ತದೆ, ತೆರೆದಾಗ ದಂಡೆಯೇ ಮುಳುಗುತ್ತದೆ. ಇಷ್ಟೆಲ್ಲದರ ನಡುವೆ ಆಮೆ ಕಡಿಮೆಯಾಯಿತು ಎಂದಾಗ ಮೊದಲು ಬೆರಳು ತಿರುಗುವುದು ಬಲೆಯ ಕಡೆಗೆ. ಬಲೆ ಕಣ್ಣಿಗೆ ಕಾಣುತ್ತದೆ, ಅಷ್ಟೇ.

ದಾರಿ ಇಲ್ಲವೆಂದಲ್ಲ. 2002ರ ತಿದ್ದುಪಡಿಯು ವನ್ಯಜೀವಿ ಕಾಯ್ದೆಗೆ ಎರಡು ಹೊಸ ವರ್ಗಗಳನ್ನು ಸೇರಿಸಿತು: ಸಂರಕ್ಷಣಾ ಮೀಸಲು, ಸಮುದಾಯ ಮೀಸಲು. ಊರವರನ್ನು ಒಕ್ಕಲೆಬ್ಬಿಸದೆ, ಅವರನ್ನೂ ಸಮಿತಿಯಲ್ಲಿ ಕೂರಿಸಿಕೊಂಡು ಕಾಯುವ ವ್ಯವಸ್ಥೆ ಅದು. ಮಂಡ್ಯದ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲಾಯಿತು. ಅದೇ ಕೃಷ್ಣಾ ಕಣಿವೆ, ಅದೇ ಬಗೆಯ ಹರಿಗೋಲು, ಅದೇ ಬಲೆ.

ಇಲ್ಲಿ ಮಾತು ಗುತ್ತಿಗೆಯ ಅವಧಿಗೆ ಬಂದು ನಿಲ್ಲುತ್ತದೆ. ಕೆಲವೇ ವರ್ಷದ ಗುತ್ತಿಗೆ ಹಿಡಿದವರು ಮುಂದಿನ ಹರಾಜಿನಲ್ಲಿ ಬೇರೆಯವರ ಪಾಲಾಗುವ ಮಡುವಿನಲ್ಲಿ ಮೊಟ್ಟೆ ಮೀನನ್ನು ಯಾಕೆ ಬಿಟ್ಟಾರು? ಒಂದು ಸಂಘಕ್ಕೆ ಒಂದು ಹರಿವು ದೀರ್ಘಕಾಲಕ್ಕೆ ಸಿಕ್ಕರೆ ಸರದಿ ಹಾಕಿಕೊಂಡು ರಾತ್ರಿ ಬಲೆ ನೋಡಬಹುದು, ಆಳದ ಒಂದು ಮಡುವನ್ನು ಮೀನಿಗೂ ಆಮೆಗೂ ಬಿಟ್ಟುಕೊಡಬಹುದು. ರಾತ್ರಿ ಬಲೆ ನೋಡಲು ಒಂದು ಹರಿಗೋಲಿಗೆ ಇಬ್ಬರು ಬೇಕು, ಒಂದು ದೀಪ ಬೇಕು, ಆ ರಾತ್ರಿಯ ಕೂಲಿ ಬೇಕು. ಅದನ್ನು ಯಾವ ಇಲಾಖೆಯ ಲೆಕ್ಕಶೀರ್ಷಿಕೆಯಲ್ಲಿ ಬರೆಯುವುದು ಎಂಬುದರ ಮೇಲೆ ಮೊದಲು ಮೀನುಗಾರಿಕೆ, ಅರಣ್ಯ ಎರಡೂ ಇಲಾಖೆಯವರು ಒಟ್ಟಿಗೆ ಕೂರಬೇಕಿದೆ.