ಉಪ್ಪುನೀರು ತಾಗಿದ ಸಸಿಗೆ ಯೂರಿಯಾ ಯಾಕೆ ಹತ್ತುವುದಿಲ್ಲ?

ಪ್ರಶ್ನೆ: ನಮ್ಮದು ಕುಮಟಾ ಕಡೆಯ ಗಜನಿ, ಅಂದರೆ ಹೊಳೆ ಸಮುದ್ರ ಸೇರುವಲ್ಲಿನ ತಗ್ಗು ಗದ್ದೆ. ಕಟ್ಟೆ ಒಡೆದು ಹೊಳೆಯ ಉಪ್ಪುನೀರು ಸಸಿ ಮಡಿಗೆ ನುಗ್ಗಿತು. ಭತ್ತದ ಸಸಿ ಹಳದಿಯಾಯಿತೆಂದು ಯೂರಿಯಾ ಎರಚಿದೆ, ಇನ್ನಷ್ಟು ಸೊರಗಿತು. ಯಾಕೆ?

ಹಳದಿ ಕಂಡ ಕೂಡಲೇ ಯೂರಿಯಾ ಚೀಲಕ್ಕೆ ಕೈ ಹೋಗುವುದು ನಮ್ಮೆಲ್ಲರ ಅಭ್ಯಾಸ. ಮೊದಲು ಒಂದು ಎಲೆ ಕಿತ್ತು ನೋಡಿ. ಬರೀ ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆ ಇಡಿಯಾಗಿ ಮಾಸುತ್ತದೆ. ಉಪ್ಪು ತಾಗಿದ್ದರೆ ತುದಿ ಬೆಳ್ಳಗೆ ಒಣಗಿ ಎಲೆ ಸುರುಳಿ ಸುತ್ತಿರುತ್ತದೆ.

ಸಾರಜನಕ ಬೇರಿಗೆ ಸಿಕ್ಕರೆ ಸಾಲದು, ಗಿಡದೊಳಗಿನ ಕೆಲಸಗಾರರಾದ ಕಿಣ್ವಗಳು (ಎನ್ಜೈಮ್) ಅದನ್ನು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಇಟ್ಟಿಗೆ, ಮಾಡಬೇಕು. ಬೇರು ಹೀರುವ ಸಾರಜನಕದ ರೂಪ ಎರಡು: ನೈಟ್ರೇಟ್ ಮತ್ತು ಅಮೋನಿಯಂ. ನೈಟ್ರೇಟ್ ಒಳಗೆ ಬರುವ ದಾರಿಗೆ ಉಪ್ಪಿನ ಕ್ಲೋರೈಡ್ ಅಡ್ಡ ನಿಲ್ಲುತ್ತದೆ. ನೈಟ್ರೇಟ್ ಬಂದರಷ್ಟೇ ಗಿಡ ಅದನ್ನು ಬಳಸುವ ಕಿಣ್ವ ನೈಟ್ರೇಟ್ ರಿಡಕ್ಟೇಸ್ ತಯಾರಿಸುತ್ತದೆ. ಆ ಕಿಣ್ವ ಬಾಳುವುದೂ ಕೆಲವೇ ತಾಸು. ಹಾಗಾಗಿ ಮೊದಲು ಕುಸಿಯುವುದು ಸಾಮಾನ್ಯವಾಗಿ ಇದೇ. ಆದರೆ ನೀರು ನಿಂತ ಗದ್ದೆಯ ಭತ್ತ ಹೆಚ್ಚಾಗಿ ಉಣ್ಣುವುದು ಅಮೋನಿಯಂ, ನಿಮ್ಮ ಯೂರಿಯಾ ಆಗುವುದೂ ಅದೇ. ಅದನ್ನು ಹಿಡಿದು ಅಮೈನೋ ಆಮ್ಲವಾಗಿ ಕಟ್ಟುವ ಕಿಣ್ವಗಳ ಜೋಡಿ ಗ್ಲುಟಮಿನ್ ಸಿಂಥೆಟೇಸ್ ಮತ್ತು ಗೋಗ್ಯಾಟ್. ಇವಕ್ಕೆ ಶಕ್ತಿಯೂ ಬೇಕು, ಸಕ್ಕರೆಯಿಂದ ಬರುವ ಇಂಗಾಲವೂ ಬೇಕು. ಉಪ್ಪಿಗೆ ಹೆದರಿ ಎಲೆಯ ರಂಧ್ರ ಮುಚ್ಚಿದಾಗ ಸಕ್ಕರೆ ತಯಾರಿ ಕುಗ್ಗಿ ಎರಡಕ್ಕೂ ಬರ. ಅಕ್ಕಿ ಮೂಟೆ ಬಂದಿದೆ, ಒಲೆ ಹತ್ತುತ್ತಿಲ್ಲ. ಕಟ್ಟದೆ ಉಳಿದ ಅಮೋನಿಯಂ ಸಸಿಗೇ ವಿಷ. ನೀವು ಎರಚಿದ್ದು ಅಲ್ಲಿಗೇ ಹೋಗಿ ಸೇರಿದೆ.

ಇಂಥ ಹೊತ್ತಿಗೆ ಅಮೋನಿಯಂ ಕಟ್ಟಬಲ್ಲ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವ ಎಷ್ಟೋ ಸಸಿಗಳಲ್ಲಿ ಚುರುಕಾಗುತ್ತದೆ. ಅಮೋನಿಯಂ ಮೇಲೆ ಅದರ ಹಿಡಿತ ಸಡಿಲ, ನನಗಂತೂ ಅದರ ಮೇಲೆ ಭರವಸೆಯಿಲ್ಲ. ಇದ್ದ ಸಾರಜನಕದಲ್ಲೂ ಒಂದು ಪಾಲು ನೀರು ಹಿಡಿದಿಡುವ ಪ್ರೋಲಿನ್ ಎಂಬ ಅಮೈನೋ ಆಮ್ಲ ಆಗಿಬಿಡುತ್ತದೆ, ಎಲೆಯ ಪ್ರೋಟೀನಿಗೆ ಖೋತಾ.

ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮೆನ್ಸ್ (ವಿದ್ಯುತ್ ಹರಿಸಿ ಉಪ್ಪು ಅಳೆಯುವ ಮಾನ) ದಾಟಿದರೆ ಸಾಮಾನ್ಯ ಭತ್ತದ ಇಳುವರಿ ಇಳಿಯತೊಡಗುತ್ತದೆ. ಸಮುದ್ರದ ನೀರಿನದು ಸುಮಾರು 50. ಮೊಳಕೆ ಒಂದಿಷ್ಟು ತಾಳೀತು, ಎಳೆ ಸಸಿ ತಾಳದು. ಅಘನಾಶಿನಿ ಹೊಳೆಯ ಗಜನಿಗಳಲ್ಲಿ ಹಿರಿಯರು ಗೊಬ್ಬರವಿಲ್ಲದೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಿದ್ದುದು ಸುಮ್ಮನೆ ಅಲ್ಲ.

ಈಗ ಯೂರಿಯಾ ನಿಲ್ಲಿಸಿ. ಕಟ್ಟೆ ಕಟ್ಟಿ, ಇಳಿತದ ಹೊತ್ತಿಗೆ ನೀರು ಬಸಿದು, ಮಳೆನೀರು ತುಂಬಿಸಿ ಮತ್ತೆ ಬಸಿಯಿರಿ. ಎರಡು ಮೂರು ಸಲವಾದರೂ ಬೇಕು. ನಡುವಿನಿಂದ ಹೊಸ ಎಲೆ ತುದಿ ಸುಡದೆ ಹಸಿರಾಗಿ ಬಂದ ಮೇಲೆ ಗೊಬ್ಬರ ಕೊಡಿ, ಸ್ವಲ್ಪ ಸ್ವಲ್ಪವಾಗಿ. ನೆಟ್ಟಿಗೆ ತಿಂಗಳು ತುಂಬಿದ ಸಸಿಯನ್ನೇ ಆರಿಸಿ, ಗುಣಿಗೆ ಒಂದೆರಡು ಹೆಚ್ಚೇ ಇರಲಿ.