ಹಿಮ್ಮಾಹಿತಿ: ಪೆಟ್ಟು ತಾಗಿದ ಸುದ್ದಿ ಹೋಗಿ ಬರುವ ದಾರಿ

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿರುವ ನನ್ನ ಅಕ್ಕನ ಮಗ ಕಳೆದ ಮಳೆಗಾಲದಿಂದ ಒಂದು ಆನ್‌ಲೈನ್ ಆಟದ ಬೀಟಾ ಆವೃತ್ತಿಯನ್ನು ಆಡುತ್ತಿದ್ದಾನೆ. ಕತ್ತಿ, ಗುರಾಣಿ, ಬಿಲ್ಲು ಹಿಡಿದು ಹತ್ತಾರು ಮಂದಿ ಒಟ್ಟಿಗೆ ಕಾದಾಡುವ ಆಟ ಅದು, ಇನ್ನೂ ತಯಾರಿಯ ಹಂತದಲ್ಲಿದೆ. ಆಟ ಕಟ್ಟುತ್ತಿರುವವರು ಆಗಾಗ ಆಟಗಾರರಿಗೆ ಪ್ರಶ್ನೆಪತ್ರ ಕಳುಹಿಸಿ, ಕಾಳಗದ ಬಗ್ಗೆ ಫೀಡ್‌ಬ್ಯಾಕ್ ಕೊಡಿ ಎಂದು ಕೇಳುತ್ತಾರೆ. "ಮಾವ, ಫೀಡ್‌ಬ್ಯಾಕ್ ಅಂದರೆ ಏನು ಬರೆಯಬೇಕು? ಲಾಯ್ಕಿಲ್ಲ ಅಂತ ಬರೆದರೆ ಸಾಕಾಗುವುದಿಲ್ಲವಾ?" ಎಂದು ಅವನು ಕೇಳಿದ ದಿನದಿಂದ ಈ ಪದ ನನ್ನ ತಲೆಯಲ್ಲಿ ಕೂತಿದೆ.

ಫೀಡ್‌ಬ್ಯಾಕ್‌ಗೆ ಕನ್ನಡದಲ್ಲಿ 'ಹಿಮ್ಮಾಹಿತಿ' ಎಂಬ ಪದ ಬಳಕೆಯಲ್ಲಿದೆ. ಅಧ್ಯಾಪಕರ ತರಬೇತಿಯಲ್ಲಿ ಪಳಗಿದವರಿಗೆ ಇದು ಹೊಸದಲ್ಲ. ಪಾಠ ಮಕ್ಕಳಿಗೆ ಎಷ್ಟು ಮುಟ್ಟಿತು ಎಂಬುದು ಅವರ ಉತ್ತರಗಳ ಮೂಲಕ ಅಧ್ಯಾಪಕರಿಗೆ ತಿಳಿದು, ಮರುದಿನದ ಪಾಠ ಅದಕ್ಕೆ ತಕ್ಕಂತೆ ಬದಲಾದರೆ, ಆ ತಿಳಿವಿಗೆ ಹಿಮ್ಮಾಹಿತಿ ಎನ್ನುತ್ತಾರೆ. 'ಹಿಮ್ಮರಳು', 'ಹಿಮ್ಮೆಟ್ಟು' ಎಂಬಲ್ಲಿ ಇರುವ 'ಹಿಂ' ಇಲ್ಲಿಯೂ ಇದೆ. ಮಾಡಿದ ಕೆಲಸದ ಫಲ ಏನಾಯಿತು ಎಂಬ ಸುದ್ದಿ ಮಾಡಿದವನ ಕಡೆಗೆ ಹಿಂದಿರುಗುವುದೇ ಪದದ ತಿರುಳು. ಅಭಿಪ್ರಾಯ, ಪ್ರತಿಕ್ರಿಯೆ, ದೂರು ಎಂಬವು ಇದರ ನೆರೆಹೊರೆಯ ಪದಗಳಾದರೂ ಅದೇ ಪದಗಳಲ್ಲ. ಹಿಂದಿರುಗಿದ ಸುದ್ದಿಯಿಂದ ಮುಂದಿನ ಹೆಜ್ಜೆ ತಿದ್ದುವಂತಿದ್ದರೆ ಮಾತ್ರ ಅದು ಹಿಮ್ಮಾಹಿತಿ.

ಮೂಲದಲ್ಲಿ ಇದು ಎಂಜಿನಿಯರುಗಳ ಪದ. ಬಯಲಾಟದ ರಂಗಸ್ಥಳದಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ತಂದಾಗ ಕಿವಿಗಡಚಿಕ್ಕುವ ಕೂಗು ಏಳುತ್ತದಲ್ಲ, ಹೊರಗೆ ಹೋದ ಸದ್ದು ಮತ್ತೆ ಮೈಕಿನ ಒಳಗೆ ಬಂದು ಸುತ್ತು ಹಾಕುವ ಆ ಕ್ರಿಯೆಯೇ ಫೀಡ್‌ಬ್ಯಾಕ್. ಹೀಗೆ ಹಿಂದೆ ಬರುವ ಸಂಕೇತವನ್ನು ಹದವಾಗಿ ಬಳಸಿಕೊಂಡರೆ ಯಂತ್ರದ ತಪ್ಪನ್ನು ತಗ್ಗಿಸಬಹುದು ಎಂದು 1927ರಲ್ಲಿ ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ ಕಂಡುಕೊಂಡರು. 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಅದೇ ತತ್ತ್ವವನ್ನು ಜೀವಿಗಳಿಗೂ ಯಂತ್ರಗಳಿಗೂ ಸಮಾನವಾಗಿ ಅನ್ವಯಿಸಿ ವಿವರಿಸಿದರು.

ಕಂಪ್ಯೂಟರ್ ಆಟದ ಕಾಳಗದಲ್ಲಿ ಈ ಪದಕ್ಕೆ ಎರಡು ದಿಕ್ಕುಗಳಿವೆ, ಗೊಂದಲ ಹುಟ್ಟುವುದೂ ಇಲ್ಲಿಯೇ. ಒಂದು, ಆಟ ಆಟಗಾರನಿಗೆ ಕೊಡುವ ಹಿಮ್ಮಾಹಿತಿ: ಕತ್ತಿ ಬೀಸಿದಾಗ ಪೆಟ್ಟು ತಾಗಿತು ಎಂದು ಕಣ್ಣಿಗೆ, ಕಿವಿಗೆ, ಬೆರಳಿಗೆ ಗೊತ್ತಾಗುವಂತೆ ಮಾಡುವ ಎಲ್ಲ ಏರ್ಪಾಡು. ಇನ್ನೊಂದು, ಆಟಗಾರ ಆಟ ಕಟ್ಟುವವರಿಗೆ ಕೊಡುವ ಹಿಮ್ಮಾಹಿತಿ. ನನ್ನ ಅನುಭವದಲ್ಲಿ ಕಾಳಗದ ಬಗ್ಗೆ ಆಟಗಾರರು ಹೇಳುವ ಮಾತುಗಳಲ್ಲಿ ಬಹುಪಾಲು, ಆಟ ತಮಗೆ ಕೊಟ್ಟ ಹಿಮ್ಮಾಹಿತಿಯ ಕುರಿತಾದ ಹಿಮ್ಮಾಹಿತಿಯೇ ಆಗಿರುತ್ತದೆ. ಇದನ್ನು ಅರಿಯದೆ ಬರೆದಾಗ "ಕಾಳಗ ಲಾಯ್ಕಿಲ್ಲ" ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ.

ಮೊದಲನೆಯ ದಿಕ್ಕನ್ನು ಅರ್ಥಮಾಡಿಕೊಳ್ಳಲು ಕುಂಬಳೆ ಸೀಮೆಯವರಾದ ನಮಗೆ ದೂರ ಹೋಗಬೇಕಿಲ್ಲ. ತೆಂಕುತಿಟ್ಟು ಯಕ್ಷಗಾನದ ಯುದ್ಧದ ಸನ್ನಿವೇಶದಲ್ಲಿ ಎರಡು ವೇಷಗಳು ಎದುರುಬದುರಾಗಿ ಆಯುಧ ಬೀಸುತ್ತವೆ. ನಿಜವಾದ ಏಟು ಯಾರ ಮೈಮೇಲೂ ಬೀಳುವುದಿಲ್ಲ, ಆದರೂ ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕುಳಿತವನಿಗೂ ಪೆಟ್ಟು ತಾಗಿದ್ದು ಗೊತ್ತಾಗುತ್ತದೆ, ಏಕೆಂದರೆ ಬೀಸಿದ ಕೈ ನಿಲ್ಲುವ ಅದೇ ಗಳಿಗೆಯಲ್ಲಿ ಚೆಂಡೆಯ ಮೇಲೆ ಕೋಲು ಬೀಳುತ್ತದೆ, ಎದುರು ವೇಷ ಹಿಂದಕ್ಕೆ ಜೋಲಿ ಹೊಡೆಯುತ್ತದೆ. ಆ ಕೋಲು ಒಂದು ಕ್ಷಣ ತಡವಾಗಿ ಬಿದ್ದರೂ ಸಾಕು, ವೇಷಧಾರಿ ಎಷ್ಟೇ ಹುರುಪಿನಿಂದ ಕುಣಿದರೂ ಪೆಟ್ಟು ಪೊಳ್ಳಾಗುತ್ತದೆ.

ಆಟ ಕಟ್ಟುವವರು ಚೆಂಡೆಯ ಈ ಕೆಲಸವನ್ನು ಹಲವು ಉಪಾಯಗಳಿಂದ ಮಾಡುತ್ತಾರೆ. ಅವುಗಳಲ್ಲಿ 'ಹಿಟ್‌ಸ್ಟಾಪ್' ಎಂಬುದು ನನಗೆ ಬಹಳ ಹಿಡಿಸಿದ ಉಪಾಯ. ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುವ ಆಟದಲ್ಲಿ ಒಂದೊಂದು ಚಿತ್ರ, ಅಂದರೆ ಒಂದೊಂದು ಫ್ರೇಮ್, ಸುಮಾರು 16.7 ಮಿಲಿಸೆಕೆಂಡು ನಿಲ್ಲುತ್ತದೆ. ಕತ್ತಿ ಮೈಗೆ ತಾಗಿದ ಕೂಡಲೇ ಹೊಡೆದವನನ್ನೂ ಹೊಡೆತ ತಿಂದವನನ್ನೂ ನಾಲ್ಕೈದು ಫ್ರೇಮ್‌ಗಳ ಕಾಲ ಇದ್ದಲ್ಲೇ ಸ್ತಬ್ಧಗೊಳಿಸಿ, ಅನಂತರ ಚಲನೆಯನ್ನು ಮುಂದುವರಿಸುತ್ತಾರೆ. ನಾಲ್ಕು ಫ್ರೇಮ್ ಎಂದರೆ ಸುಮಾರು 67 ಮಿಲಿಸೆಕೆಂಡು. ಅಷ್ಟು ಚಿಕ್ಕ ನಿಲುಗಡೆಯನ್ನು ಕಣ್ಣು ಎಣಿಸಲಾರದು, ಆದರೆ ಗಟ್ಟಿಯಾದ ಏನಕ್ಕೋ ಕತ್ತಿ ಕಚ್ಚಿಕೊಂಡಿತು ಎಂದು ಕೈಗೆ ಅನಿಸುತ್ತದೆ. ಇದರ ಜೊತೆಗೆ ಸದ್ದು, ಕಿಡಿ, ಪರದೆಯ ಸಣ್ಣ ನಡುಕ, ಫೋನಿನ ಕಂಪನ, ಎದುರಾಳಿಯ ತಲೆಯ ಮೇಲೆ ಮೂಡುವ ಡ್ಯಾಮೇಜ್ ಅಂಕೆ (ಪೆಟ್ಟಿನಿಂದ ಎಷ್ಟು ಗಾಯವಾಯಿತು ಎಂಬ ಲೆಕ್ಕ) ಎಲ್ಲವೂ ಸೇರಿದಾಗ 'ಪೆಟ್ಟಿಗೆ ತೂಕ ಬಂತು' ಎಂದು ಆಟಗಾರರು ಹೇಳುತ್ತಾರೆ.

ಆನ್‌ಲೈನ್ ಆಟದಲ್ಲಿ ಇನ್ನೊಂದು ತೊಡಕಿದೆ. ಪೆಟ್ಟು ತಾಗಿತೋ ಇಲ್ಲವೋ ಎಂದು ತೀರ್ಮಾನಿಸುವುದು ಸಾಮಾನ್ಯವಾಗಿ ನಮ್ಮ ಫೋನಲ್ಲ, ದೂರದಲ್ಲಿರುವ ಸರ್ವರ್, ಅಂದರೆ ಎಲ್ಲರ ಆಟವನ್ನೂ ನಡೆಸುವ ಕಂಪ್ಯೂಟರ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕಾಸರಗೋಡಿನಿಂದ ಸಿಂಗಾಪುರಕ್ಕೆ ನೇರ ದೂರ ಸುಮಾರು 3,400 ಕಿಲೋಮೀಟರ್ ಆದ್ದರಿಂದ, ಅಲ್ಲಿ ಸರ್ವರ್ ಇದ್ದರೆ ಸುದ್ದಿ ಹೋಗಿ ಬರಲು ಏನಿಲ್ಲವೆಂದರೂ 34 ಮಿಲಿಸೆಕೆಂಡು ಬೇಕು. ತಂತಿ ನೇರವಾಗಿ ಸಾಗುವುದಿಲ್ಲ, ನಡುವೆ ಹತ್ತಾರು ಯಂತ್ರಗಳಿವೆ, ಕೊನೆಗೆ ಗುಡ್ಡದ ಮರೆಯಲ್ಲಿ ಸಿಗ್ನಲ್ ಹುಡುಕುವ ಫೋನ್ ಇದೆ. ಹಾಗಾಗಿ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತು ನೋಡಿದಾಗ ಪರದೆಯ ಮೂಲೆಯ ಪಿಂಗ್, ಅಂದರೆ ಸುದ್ದಿ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡುಗಳ ಲೆಕ್ಕ, 120ರ ಆಸುಪಾಸಿನಲ್ಲಿ ತೂಗುತ್ತಿತ್ತು. ಅದು ಏಳು ಫ್ರೇಮ್‌ಗಳಷ್ಟು ತಡ.

ಈ ತಡವನ್ನು ಮರೆಮಾಚಲು 1996ರಲ್ಲಿ ಕ್ವೇಕ್‌ವರ್ಲ್ಡ್ ಆಟ ಬಳಸಿದ ಉಪಾಯ ಈಗ ಎಲ್ಲೆಡೆ ರೂಢಿಗೆ ಬಂದಿದೆ. ಸರ್ವರಿನ ಉತ್ತರಕ್ಕೆ ಕಾಯದೆ ಆಟಗಾರನ ಸ್ವಂತ ಚಲನೆಯನ್ನು ಅವನ ಯಂತ್ರವೇ ಊಹಿಸಿ ತೋರಿಸಿಬಿಡುತ್ತದೆ. ಆದರೆ ಎದುರಾಳಿಗೆ ಆದ ಗಾಯವನ್ನು ಹಾಗೆ ಊಹಿಸಿ ತೋರಿಸಿದರೆ, ಸರ್ವರ್ ಅದನ್ನು ಒಪ್ಪದೇ ಹೋದಾಗ ಸತ್ತವನು ಎದ್ದು ನಿಲ್ಲಬೇಕಾಗುತ್ತದೆ. ಆದ್ದರಿಂದ ಅನೇಕ ಆಟಗಳಲ್ಲಿ ಕತ್ತಿ ಕೂಡಲೇ ಬೀಸುತ್ತದೆ, ಗಾಯದ ಸುದ್ದಿ ಮಾತ್ರ ತಡವಾಗಿ ಬರುತ್ತದೆ. ನನ್ನ ಅಳಿಯನ ಅಸಮಾಧಾನದ ಬೇರು ಇಲ್ಲಿತ್ತು, ಆದರೆ ಅವನು ಅದನ್ನು ಬರೆದದ್ದು ಬೇರೆ ರೀತಿಯಲ್ಲಿ: "ಕತ್ತಿಯ ಡ್ಯಾಮೇಜ್ ಹೆಚ್ಚಿಸಿ."

ಎರಡನೆಯ ದಿಕ್ಕಿನ ಹಿಮ್ಮಾಹಿತಿ ಎಡವುವುದು ಹೀಗೆ. ಆಟಗಾರನಿಗೆ ನೋವು ಎಲ್ಲಿದೆ ಎಂದು ಗೊತ್ತು, ಮದ್ದು ಯಾವುದು ಎಂದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಅವನು ನೋವನ್ನು ಹೇಳುವ ಬದಲು ಮದ್ದಿನ ಚೀಟಿ ಬರೆದುಕೊಟ್ಟರೆ, ಓದುವವರಿಗೆ ನೋವೂ ತಿಳಿಯುವುದಿಲ್ಲ. ಡ್ಯಾಮೇಜ್ ಹೆಚ್ಚಿಸಿದ್ದರೆ ಕತ್ತಿ ಹಿಡಿದವರೆಲ್ಲ ಬಿಲ್ಲಿನವರನ್ನು ಬೇಗನೆ ಕೊಲ್ಲುತ್ತಿದ್ದರು, ಬಿಲ್ಲಿನವರು 'ಕತ್ತಿಯನ್ನು ನೆರ್ಫ್ ಮಾಡಿ' ಎಂದು ಬರೆಯುತ್ತಿದ್ದರು (ಬಲ ತಗ್ಗಿಸುವುದಕ್ಕೆ ಹೇಳುವ ಈ ಪದ ಮೆತ್ತನೆಯ ಆಟಿಕೆಗಳ ಒಂದು ಬ್ರ್ಯಾಂಡಿನ ಹೆಸರಿನಿಂದ ಬಂದದ್ದು), ಆದರೆ ಪೆಟ್ಟು ಮಾತ್ರ ಹಿಂದಿನಷ್ಟೇ ಪೊಳ್ಳಾಗಿ ಉಳಿಯುತ್ತಿತ್ತು.

ಹಾಗೆಂದು ಆಟಗಾರರ ಮಾತನ್ನು ಬದಿಗಿಟ್ಟು ಸರ್ವರಿನ ಲೆಕ್ಕವನ್ನಷ್ಟೇ ನಂಬಿದರೆ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. ಯಾರು ಯಾವ ಆಯುಧದಿಂದ ಎಷ್ಟು ಸೆಕೆಂಡಿನಲ್ಲಿ ಸತ್ತರು ಎಂಬುದನ್ನು ಸರ್ವರ್ ದಾಖಲಿಸಬಲ್ಲದು, ಸತ್ತವನಿಗೆ ಅದು ನ್ಯಾಯವೆನಿಸಿತೇ ಎಂಬುದನ್ನು ದಾಖಲಿಸಲಾರದು. 2018ರ ನವೆಂಬರಿನಲ್ಲಿ ಬಿಡುಗಡೆಯಾದ ಬ್ಯಾಟಲ್‌ಫೀಲ್ಡ್ 5 ಆಟದಲ್ಲಿ, ಹೊಸಬರು ಬೇಗನೆ ಸತ್ತು ಬೇಸತ್ತು ಬಿಟ್ಟುಹೋಗುತ್ತಿದ್ದಾರೆ ಎಂಬ ಕಾರಣಕ್ಕೆ ತಯಾರಕರಾದ ಡೈಸ್ ಸಂಸ್ಥೆಯವರು ಮರುತಿಂಗಳೇ ಎದುರಾಳಿಯನ್ನು ಕೊಲ್ಲಲು ಹಿಡಿಯುವ ಸಮಯವನ್ನು ಹೆಚ್ಚಿಸಿದರು. ಕಾರಣ ಸರಿಯಾದದ್ದೇ ಇರಬಹುದು, ಆದರೆ ಎಷ್ಟು ಗುಂಡಿಗೆ ಶತ್ರು ಬೀಳುತ್ತಾನೆ ಎಂಬುದು ಹಳಬರ ಬೆರಳಿಗೆ ಆಗಲೇ ರೂಢಿಯಾಗಿತ್ತು. ವಿರೋಧ ಎಷ್ಟು ಜೋರಾಯಿತೆಂದರೆ ಕೆಲವೇ ದಿನಗಳಲ್ಲಿ ಬದಲಾವಣೆಯನ್ನು ಹಿಂದೆ ಪಡೆಯಬೇಕಾಯಿತು. ಬಿಡುಗಡೆಯ ನಂತರ ಇಂಥ ತಿದ್ದುಪಡಿ ದುಬಾರಿ, ಮೊದಲೇ ಆದರೆ ಸುಲಭ. ಆಟ ಇನ್ನೂ ತಯಾರಾಗುತ್ತಿರುವಾಗಲೇ ಜನರ ಕೈಗೆ ಕೊಟ್ಟು ನೋಡುವ ಪದ್ಧತಿ ಬೆಳೆದದ್ದು ಇದಕ್ಕಾಗಿ. ಸ್ಟೀಮ್ ಎಂಬ ಆಟದಂಗಡಿ 2013ರಲ್ಲಿ ಇದಕ್ಕೆಂದೇ 'ಅರ್ಲಿ ಆಕ್ಸೆಸ್' ವಿಭಾಗ ತೆರೆಯಿತು. ಬಾಲ್ಡರ್ಸ್ ಗೇಟ್ 3 ಅಲ್ಲಿ 2020ರ ಅಕ್ಟೋಬರಿನಿಂದ ಸುಮಾರು ಮೂರು ವರ್ಷ ಆಟಗಾರರ ಕೈಯಲ್ಲಿ ಪಳಗಿ, 2023ರ ಆಗಸ್ಟಿನಲ್ಲಿ ಪೂರ್ಣರೂಪದಲ್ಲಿ ಹೊರಬಂತು.

ಆ ಸಂಜೆ ನಾವಿಬ್ಬರೂ ಜಗಲಿಯಲ್ಲಿ ಕುಳಿತು ಅವನ ಬರಹವನ್ನು ಮತ್ತೆ ಬರೆದೆವು. ಮೊದಲು ಅವನು ಒಂದೇ ಎದುರಾಳಿಯ ಮೇಲೆ ಇಪ್ಪತ್ತು ಸಲ ಕತ್ತಿ ಬೀಸಿದ, ನಾನು ಬದಿಯಲ್ಲಿ ಕುಳಿತು ಗುರುತು ಹಾಕಿದೆ. ಆಮೇಲೆ ಬರೆದದ್ದು ಇಷ್ಟು: "ನನ್ನ ಪಿಂಗ್ ಸುಮಾರು 120. ಕತ್ತಿ ಎದುರಾಳಿಯ ಮೈ ದಾಟಿ ಹೋದ ಮೇಲೆ ಅಂಕೆ ಮೂಡುತ್ತದೆ. ತಾಗಿದಾಗ ಸದ್ದು ಬರುವುದಿಲ್ಲ, ಗುರಾಣಿಗೆ ತಾಗಿದಾಗ ಮಾತ್ರ ಬರುತ್ತದೆ. ಇಪ್ಪತ್ತರಲ್ಲಿ ಏಳು ಸಲ ಪೆಟ್ಟು ತಾಗಿಲ್ಲವೆಂದು ತಿಳಿದು ನಾನು ಹಿಂದೆ ಸರಿದೆ, ಆದರೆ ಅದು ತಾಗಿತ್ತು. ಬಿಲ್ಲು ಹಿಡಿದಾಗ ನನಗೆ ಹೀಗೆ ಅನಿಸುವುದಿಲ್ಲ." ಡ್ಯಾಮೇಜ್ ಎಂಬ ಪದವೇ ಅದರಲ್ಲಿ ಇರಲಿಲ್ಲ. ಬಿಲ್ಲಿನ ಮಾತು ಅವನಾಗಿಯೇ ಸೇರಿಸಿದ್ದು, ನನ್ನ ದೃಷ್ಟಿಯಲ್ಲಿ ಅದೇ ಅತ್ಯಂತ ಬೆಲೆಯುಳ್ಳ ಸಾಲು. ಬಾಣ ಹಾರಿ ತಲುಪಲು ಹೇಗೂ ಹೊತ್ತು ಬೇಕಾಗುವುದರಿಂದ ಸರ್ವರಿನ ತಡ ಅಲ್ಲಿ ಅಡಗಿಕೊಳ್ಳುತ್ತದೆ, ಕೈಯಳತೆಯ ಕತ್ತಿಯಲ್ಲಿ ಅದಕ್ಕೆ ಅಡಗಲು ಜಾಗವಿಲ್ಲ.

ಮೂರು ವಾರಗಳ ನಂತರ ಬಂದ ಆಟದ ಹೊಸ ಆವೃತ್ತಿಯಲ್ಲಿ ಮೈಗೆ ತಾಗಿದ ಕತ್ತಿಗೂ ಸದ್ದು ಬಂದಿದೆ. ಅಂಕೆ ಈಗಲೂ ತಡವಾಗಿಯೇ ಮೂಡುತ್ತದೆ. ಅವನು ಮತ್ತೆ ಇಪ್ಪತ್ತು ಸಲ ಬೀಸಿ ಎಣಿಸಿದ್ದಾನೆ, ಈ ಸಲ ತಪ್ಪು ತಿಳಿದದ್ದು ಮೂರು ಬಾರಿ ಮಾತ್ರ. ಆ ಲೆಕ್ಕವನ್ನೂ ಬರೆದು ಕಳುಹಿಸಿದ್ದಾನೆ.