ವಾರ್ಡ್ ಸದಸ್ಯರ ಬಲ ಇರುವುದು ನಡಾವಳಿಯಲ್ಲಿ

ಗೆದ್ದ ಮರುದಿನದಿಂದಲೇ ಪುರಸಭೆ ಸದಸ್ಯರ ಮನೆ ಬಾಗಿಲಿಗೆ ಜನ ಬರತೊಡಗುತ್ತಾರೆ. ನಲ್ಲಿಯಲ್ಲಿ ನೀರಿಲ್ಲ, ಬೀದಿದೀಪ ಉರಿಯುತ್ತಿಲ್ಲ, ಇ-ಖಾತೆ ಆಗಿಲ್ಲ. ಹೊಸಬರು ಕೂಡಲೇ ಫೋನ್ ಎತ್ತುತ್ತಾರೆ. ದೀಪ ಬದಲಿಸಲು ಅಷ್ಟು ಸಾಕು. ಚರಂಡಿಯೋ ಪೈಪ್‌ಲೈನೋ ಆಗಬೇಕಿದ್ದರೆ ಫೋನಿನಿಂದ ಏನೂ ನಡೆಯದು. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಅಧಿಕಾರ ಕೊಟ್ಟಿರುವುದು ಇಡೀ ಕೌನ್ಸಿಲ್‌ಗೆ. ಒಬ್ಬ ಸದಸ್ಯರು ತಾವೊಬ್ಬರೇ ನಿಂತು ಮುಖ್ಯಾಧಿಕಾರಿಗೆ ಆದೇಶ ಕೊಡುವಂತಿಲ್ಲ, ಒಂದು ರೂಪಾಯಿ ಮಂಜೂರು ಮಾಡುವಂತಿಲ್ಲ. ಅವರ ಮಾತಿಗೆ ತೂಕ ಬರುವುದು ಅದು ನಡಾವಳಿಯಲ್ಲಿ, ಅಂದರೆ ಸಭೆಯ ತೀರ್ಮಾನಗಳ ಅಧಿಕೃತ ದಾಖಲೆಯಲ್ಲಿ, ಸೇರಿದಾಗ.

ಒಂದು ಚರಂಡಿಯನ್ನೇ ತೆಗೆದುಕೊಳ್ಳಿ. ಮೊದಲು ಕಿರಿಯ ಎಂಜಿನಿಯರ್ ಸ್ಥಳಕ್ಕೆ ಬಂದು ಅಳತೆ ತೆಗೆದು, ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಅಂದಾಜು ಪಟ್ಟಿ ಮಾಡಬೇಕು. ಸದಸ್ಯರು ಅವರ ಜೊತೆಗೇ ನಡೆದು, ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕೇಳಬೇಕು. 120 ಮೀಟರ್ ಚರಂಡಿಗೆ 200ಕ್ಕೆ 1ರ (200 ಮೀಟರ್‌ಗೆ 1 ಮೀಟರ್) ಇಳಿಜಾರು ಇಟ್ಟರೆ ತುದಿಯಲ್ಲಿ ತಳ 60 ಸೆಂಟಿಮೀಟರ್ ತಗ್ಗಿರಬೇಕಾಗುತ್ತದೆ. ಮುಂದಿನ ದೊಡ್ಡ ಚರಂಡಿಯ ತಳ ಅದಕ್ಕಿಂತ ಮೇಲಿದ್ದರೆ ನೀರು ಹಿಂದಕ್ಕೆ ನಿಂತು, ಹೊಸ ಚರಂಡಿ ಮೊದಲ ಮಳೆಗೇ ಹೂಳು ತುಂಬಿಕೊಳ್ಳುತ್ತದೆ. ವಾರ್ಡ್‌ಗೆ ಬಂದಷ್ಟು ಹಣದಲ್ಲಿ ಆದಷ್ಟು ಮೀಟರ್ ಎಂದು ನಡುರಸ್ತೆಯಲ್ಲೇ ನಿಲ್ಲಿಸಿದ ಚರಂಡಿಗಳ ಗತಿಯೆಲ್ಲ ಇದೇ. ಎರಡು ಬೀದಿಗೆ ಅರ್ಧರ್ಧ ಹಂಚಿ ಇಬ್ಬರನ್ನೂ ಸಮಾಧಾನಪಡಿಸುವುದಕ್ಕಿಂತ ಒಂದನ್ನು ಕೊನೆ ಮುಟ್ಟಿಸುವುದೇ ಸರಿ. ಬೈಗುಳ ಒಂದು ವರ್ಷ ಬರುತ್ತದೆ, ಕೆಲಸ ಉಳಿಯುತ್ತದೆ.

ಅಂದಾಜು ಪಟ್ಟಿ ಕ್ರಿಯಾ ಯೋಜನೆಗೆ, ಅಂದರೆ ಕೈಗೊಳ್ಳುವ ಕಾಮಗಾರಿಗಳ ಪಟ್ಟಿಗೆ, ಸೇರಿ ಕೌನ್ಸಿಲ್ ಮುಂದೆ ಬರುತ್ತದೆ. ಅಲ್ಲಿಂದ ಜಿಲ್ಲಾಧಿಕಾರಿಗಳ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಯಾವ ಹಣದಿಂದ ಎಂಬುದು ಇಲ್ಲಿ ಮುಖ್ಯ. ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ಮೂಲ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರಲ್ಲಿ ಡಾಂಬರು ರಸ್ತೆ ಬರೆದರೆ ಕಡತ ಹಾಗೇ ವಾಪಸ್. ಇದಲ್ಲದೆ ಪುರಸಭೆಯ ನಿಧಿಯಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ತೆಗೆದಿಡುವ ಹಣವಿದೆ. ಇದು ವರ್ಷದ ಕೊನೆಗೆ ಖರ್ಚಾಗದೆ ಉಳಿಯುವುದು ನಿಜಕ್ಕೂ ನೋವಿನ ಸಂಗತಿ. ತಮ್ಮ ವಾರ್ಡ್‌ನ ಅರ್ಹರ ಅರ್ಜಿಗಳನ್ನು ಸದಸ್ಯರು ಮೊದಲೇ ಸಿದ್ಧಪಡಿಸಿಕೊಟ್ಟರೆ ಅದು ಅವರಿಗೆ ತಲುಪುತ್ತದೆ.

ಸಭೆಯಲ್ಲಿ ಗಂಟಲು ಹರಿಯುವಷ್ಟು ಕೂಗಿದವರ ಮಾತು ಮರುದಿನದ ಪತ್ರಿಕೆಯಲ್ಲಿರುತ್ತದೆ, ನಡಾವಳಿಯಲ್ಲಿರುವುದಿಲ್ಲ. ಅಲ್ಲಿ ‘ಚರ್ಚಿಸಿ, ಮುಂದಿನ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದಷ್ಟೇ ಬರೆದಿದ್ದರೆ ಯಾರ ಮೇಲೂ ಹೊಣೆಯಿಲ್ಲ. ವಿಷಯವನ್ನು ಸಭೆಗೆ ಮುಂಚೆಯೇ ಲಿಖಿತವಾಗಿ ಕೊಟ್ಟು ಕಾರ್ಯಸೂಚಿಗೆ ಸೇರಿಸಿ. ಠರಾವಿನಲ್ಲಿ (ಸಭೆಯ ನಿರ್ಣಯದಲ್ಲಿ) ಯಾವ ಬೀದಿ, ಎಲ್ಲಿಂದ ಎಲ್ಲಿಗೆ, ಎಷ್ಟು ಮೊತ್ತ, ಯಾವ ಲೆಕ್ಕಶೀರ್ಷಿಕೆ, ಯಾರು, ಯಾವ ದಿನಾಂಕದೊಳಗೆ ಎಂದು ಬರೆಸಿ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವಾಗ ಅರ್ಧ ಸಭೆ ಚಹಾ ಕುಡಿಯುತ್ತಿರುತ್ತದೆ. ಪದ ಬದಲಾಗಿದೆಯೇ ಎಂದು ನೋಡಲು ಸಿಗುವ ಹೊತ್ತು ಅದೊಂದೇ.

ಕಾಮಗಾರಿ ನಡೆಯುವಾಗ ಕಾಂಕ್ರೀಟ್‌ಗೆ ಕನಿಷ್ಠ 7 ದಿನ ನೀರುಣಿಸುತ್ತಿದ್ದಾರೆಯೇ ನೋಡಿ. ಬಿಲ್ ಆಗುವ ಮುನ್ನ, ಆದ ಕೆಲಸದ ಅಳತೆ ಬರೆಯುವ ಅಳತೆ ಪುಸ್ತಕದ ನಮೂದನ್ನು ಟೇಪ್ ಹಿಡಿದು ತಾಳೆ ನೋಡಿ. ಪುರಸಭೆಯ ಗುತ್ತಿಗೆಯಲ್ಲಿ ಮಾತ್ರ ಪಾಲು ಇಟ್ಟುಕೊಳ್ಳಬೇಡಿ, ಸದಸ್ಯತ್ವಕ್ಕೇ ಕುತ್ತು. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು. ಅವರ ಪರವಾಗಿ ಗಂಡನೋ ಮೈದುನನೋ ಕಡತ ಹಿಡಿದು ಓಡಾಡುವ ಕಡೆ ಈ ಯಾವ ಪರಿಶೀಲನೆಯೂ ಸದಸ್ಯೆಯ ಕೈಗೆ ಸಿಗುವುದಿಲ್ಲ. ಎಂಜಿನಿಯರ್ ಜೊತೆ ಬೀದಿಗೆ ಇಳಿಯಬೇಕಾದವರು ಸದಸ್ಯೆಯೇ.

ಅವಧಿಯ ಲೆಕ್ಕವನ್ನೂ ಅರಿತಿರಬೇಕು. ಸಂವಿಧಾನದ ಪ್ರಕಾರ ಐದು ವರ್ಷ ಶುರುವಾಗುವುದು ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. 2018ರಲ್ಲಿ ಗೆದ್ದ ಅನೇಕರು ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರವರೆಗೆ ಸಭೆಯನ್ನೇ ಕಾಣಲಿಲ್ಲ. ಆಡಳಿತಾಧಿಕಾರಿಗಳೇ ಎಲ್ಲ ನಡೆಸಿದರು. ಅಧ್ಯಕ್ಷರಿಗೆ ಸಿಗುವುದು 30 ತಿಂಗಳು, ಅದೂ ಮೀಸಲಾತಿ ಒಲಿದರೆ. 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾಗಿ, 1977ರಲ್ಲಿ ಅಧ್ಯಕ್ಷರಾಗಿ, 1983ರಲ್ಲಿ ವಿಧಾನಸಭೆ ಮುಟ್ಟಿದ ಯಡಿಯೂರಪ್ಪ ಅವರ ದಾರಿ ಎಲ್ಲರಿಗೂ ಗೊತ್ತು. ಇಂದಿನ ಹೆಚ್ಚಿನ ಸದಸ್ಯರನ್ನು ಅಡ್ಡಗಟ್ಟುವುದು ಮಾತ್ರ ಸೋಲಿಗಿಂತ ವಾರ್ಡ್ ಮೀಸಲಾತಿಯ ಸರದಿ. ತಮ್ಮ ವಾರ್ಡ್ ಬೇರೆ ವರ್ಗಕ್ಕೆ ಮೀಸಲಾದರೆ ಬೇರೆ ಕಡೆ ನಿಲ್ಲಬೇಕಾದೀತು. ಆದ್ದರಿಂದ ಪಕ್ಕದ ಒಂದೆರಡು ವಾರ್ಡ್‌ಗಳ ನೀರಿನ ಮಾರ್ಗ, ಚರಂಡಿ ಜಾಲವನ್ನೂ ತಿಳಿದುಕೊಂಡಿರಿ. ವಾರ್ಡ್ ಮೀಸಲಾತಿಯ ಕರಡು ಅಧಿಸೂಚನೆ ಬಂದಾಗ ಆಕ್ಷೇಪಣೆಗೆ ಕೆಲವೇ ದಿನ ಇರುತ್ತದೆ. ‘ಅನ್ಯಾಯವಾಗಿದೆ’ ಎಂಬ ಅರ್ಜಿ ನಿಲ್ಲದು. ವಾರ್ಡ್‌ವಾರು ಜನಗಣತಿ ಅಂಕಿ, ಹಿಂದಿನ ಚುನಾವಣೆಗಳ ಮೀಸಲಾತಿ ಪಟ್ಟಿ ಲಗತ್ತಿಸಿ, ಸರದಿ ಎಲ್ಲಿ ತಪ್ಪಿದೆ ಎಂದು ತೋರಿಸಿ, ಸ್ವೀಕೃತಿ ಪಡೆದುಕೊಳ್ಳಿ.